ಡಿಸ್ನಿ ವರ್ಲ್ಡ್‌ನ ರಾತ್ರಿ, ಬಾಣಬಿರುಸು, ನಿಮ್ಮ ಕ್ಯಾಮೆರಾ: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಅಪ್ಪ ಅಮ್ಮ ಅಮೆರಿಕಕ್ಕೆ ಬಂದರೆ, ನಯಾಗರ ನೋಡಿ ಮುಗಿದ ಮೇಲೆ ಮುಂದಿನ ಹೆಸರು ಸಾಮಾನ್ಯವಾಗಿ ಫ್ಲೋರಿಡಾದ ಡಿಸ್ನಿ ವರ್ಲ್ಡ್. ಹಗಲಿಡೀ ಬಿಸಿಲಲ್ಲಿ ಸಾಲು ನಿಂತು ಸುಸ್ತಾದವರೂ ರಾತ್ರಿ ಕೋಟೆಯ ಮೇಲೆ ಬಾಣಬಿರುಸು ಹಾರುವಾಗ ಕಾಲುನೋವು ಮರೆತುಬಿಡುತ್ತಾರೆ. ಮರುದಿನ ಬೆಳಿಗ್ಗೆ ಫೋನ್ ತೆಗೆದು ನೋಡಿದರೆ ಬೂದು ಹೊಗೆ, ಬೆಳ್ಳಗೆ ಸುಟ್ಟುಹೋದ ಕೋಟೆ, ಯಾರದೋ ಮಗುವಿನ ತಲೆ. ಆಮೇಲೆ ನನಗೆ ವಾಟ್ಸಾಪ್ ಬರುತ್ತದೆ. ನೆಂಟರನ್ನು ಕರೆದುಕೊಂಡು ಹಲವು ಸಲ ಹೋಗಿ, ಎಲ್ಲ ತಪ್ಪುಗಳನ್ನೂ ನಾನೇ ಮೊದಲು ಮಾಡಿದ್ದರಿಂದ ಉತ್ತರ ಗೊತ್ತಿದೆ. ಬಿಡಿಬಿಡಿಯಾಗಿ ಹೇಳಿ ಸಾಕಾಗಿ ಒಟ್ಟಿಗೆ ಬರೆದಿದ್ದೇನೆ.

ಕಣ್ಣಿಗೆ ಅಷ್ಟು ಚೆನ್ನಾಗಿ ಕಂಡದ್ದು ಫೋಟೊದಲ್ಲಿ ಯಾಕೆ ಹಾಗಾಗುತ್ತದೆ?

ಕ್ಯಾಮೆರಾಗೆ ಕತ್ತಲೆ ಕಂಡರೆ ಆಗುವುದಿಲ್ಲ. ಆಟೊ ಮೋಡ್‌ನಲ್ಲಿ ಅದಕ್ಕೆ ಗೊತ್ತಿರುವುದು ಒಂದೇ ಕೆಲಸ: ಎದುರಿಗಿರುವುದನ್ನೆಲ್ಲ ಹದವಾದ ಬೆಳಕಿಗೆ ತರುವುದು. ಚೌಕಟ್ಟಿನ ಮುಕ್ಕಾಲು ಭಾಗ ಕಪ್ಪು ಆಕಾಶ ಇದ್ದರೆ ಅದು ಗಾಬರಿಯಾಗಿ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕು ಎನ್ನುವ ಅಂಕಿ) ಏರಿಸುತ್ತದೆ, ಶಟರ್ (ಬೆಳಕನ್ನು ಒಳಗೆ ಬಿಡುವ ಬಾಗಿಲು) ಹೆಚ್ಚು ಹೊತ್ತು ತೆರೆದಿಡುತ್ತದೆ, ಫ್ಲ್ಯಾಶ್ ಕೂಡ ಹೊಡೆಯುತ್ತದೆ. ಆಕಾಶ ಬೂದಿಯಾಗುತ್ತದೆ, ದೀಪವಿರುವ ಜಾಗವೆಲ್ಲ ಸುಣ್ಣ ಬಳಿದಂತಾಗುತ್ತದೆ. ಕೆಳಗೆ ಬರುವ ಎಷ್ಟೋ ಉತ್ತರಗಳ ತಿರುಳು ಇಷ್ಟೇ: ಬೆಳಕಿನ ಚಿಂತೆ ಬಾಣಬಿರುಸಿಗೇ ಬಿಡಿ, ನೀವು ಕತ್ತಲನ್ನು ಉಳಿಸಿಕೊಳ್ಳಿ.

ಹಾಗಾದರೆ ಸೆಟ್ಟಿಂಗ್ ಎಷ್ಟಿಡಬೇಕು?

ಮ್ಯಾನುವಲ್ ಮೋಡ್. ಐಎಸ್‌ಒ 100. ಅಪರ್ಚರ್ (ಲೆನ್ಸಿನ ಕಂಡಿ, ಎಫ್ ಅಂಕಿ ಹೆಚ್ಚಿದಷ್ಟೂ ಅದು ಕಿರಿದು) ಎಫ್ 8ರಿಂದ ಎಫ್ 11. ಶಟರ್ 2ರಿಂದ 4 ಸೆಕೆಂಡ್. ಕ್ಯಾಮೆರಾ ಟ್ರೈಪಾಡ್ ಮೇಲೋ ಗಟ್ಟಿಯಾದ ಯಾವುದರ ಮೇಲೋ ಇರಬೇಕು. ಫ್ಲ್ಯಾಶ್ ಬಂದ್. ಇಷ್ಟರಿಂದ ಶುರುಮಾಡಿ, ಮೊದಲ ಎರಡು ಚಿತ್ರ ನೋಡಿ ತಿದ್ದಿಕೊಳ್ಳಿ.

ತಿದ್ದುವಾಗ ಯಾವುದನ್ನು ತಿರುಗಿಸಬೇಕು ಎನ್ನುವಲ್ಲೇ ಎಲ್ಲರೂ ಎಡವುವುದು. ಬಾಣಬಿರುಸಿನ ಎಳೆಗಳು ಬೆಳ್ಳಗಾದರೆ ಶಟರ್ ಸಮಯ ಕಡಿಮೆ ಮಾಡುತ್ತಾರೆ. ಅದರಿಂದ ಎಳೆ ಕೆಂಪಾಗುವುದಿಲ್ಲ, ಗಿಡ್ಡವಾಗುತ್ತದೆ ಅಷ್ಟೆ. ರಂಗೋಲಿ ಹಾಕುವುದನ್ನು ನೆನಪಿಸಿಕೊಳ್ಳಿ. ಎಳೆ ಎಷ್ಟು ದಪ್ಪ ಬೀಳುತ್ತದೆ ಎನ್ನುವುದು ಬೆರಳ ಸಂದಿಯಲ್ಲಿ ಎಷ್ಟು ಪುಡಿ ಬಿಡುತ್ತೀರಿ ಎನ್ನುವುದರ ಮೇಲೆ ಹೋಗುತ್ತದೆ, ಎಳೆ ಎಷ್ಟು ಉದ್ದ ಎನ್ನುವುದು ಕೈ ಎಷ್ಟು ಹೊತ್ತು ಓಡಿತು ಎನ್ನುವುದರ ಮೇಲೆ. ಕಿಡಿ ಆಕಾಶದಲ್ಲಿ ಓಡುತ್ತಲೇ ಇರುತ್ತದೆ. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್‌ನ ಯಾವುದೇ ಒಂದು ಬಿಂದುವಿನ ಮೇಲೆ ಅದು ಇರುವುದು ಕ್ಷಣಮಾತ್ರ. ಹಾಗಾಗಿ ಎಳೆಯ ಹೊಳಪನ್ನು ಅಪರ್ಚರ್ ಮತ್ತು ಐಎಸ್‌ಒ ನಿರ್ಧರಿಸುತ್ತವೆ. ಶಟರ್ ನಿರ್ಧರಿಸುವುದು ಎಳೆಯ ಉದ್ದ, ಒಂದು ಚಿತ್ರದಲ್ಲಿ ಎಷ್ಟು ಹೂ ಅರಳಬೇಕು ಎನ್ನುವುದು, ಮತ್ತು ಅಲುಗಾಡದೆ ನಿಂತಿರುವ ಕೋಟೆ, ಬೀದಿ, ಹೊಗೆ ಎಷ್ಟು ಬೆಳಗಬೇಕು ಎನ್ನುವುದು.

ಎಳೆ ಬೆಳ್ಳಗಾದರೆ ಎಫ್ 11, ಎಫ್ 13ರ ಕಡೆ ಹೋಗಿ. ಕೆಂಪು ಬಣ್ಣ ಸ್ಟ್ರಾನ್ಷಿಯಂನದು, ಹಸಿರು ಬೇರಿಯಂನದು, ನೀಲಿ ತಾಮ್ರದ್ದು. ಬೆಳಕು ಹೆಚ್ಚಾದರೆ ಈ ಮೂರೂ ಒಂದೇ ಬಿಳಿಯಾಗಿ ಕಾಣುತ್ತವೆ. ಅದರಲ್ಲೂ ನೀಲಿ ಹುಟ್ಟಿನಿಂದಲೇ ದುರ್ಬಲ, ಉರಿ ಜಾಸ್ತಿಯಾದರೆ ಆ ಬಣ್ಣ ಕೊಡುವ ತಾಮ್ರದ ಸಂಯುಕ್ತ ನಿಲ್ಲುವುದಿಲ್ಲ. ಒಳ್ಳೆಯ ನೀಲಿ ಹೂ ಸಿಕ್ಕಿದರೆ ಆ ಚಿತ್ರ ಅಳಿಸಬೇಡಿ.

ಬಟನ್ ಯಾವಾಗ ಒತ್ತಬೇಕು?

ಸದ್ದು ಕೇಳಿದಾಗ ಅಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡುತ್ತದೆ, ನಿಮ್ಮ ಕಿವಿಗೆ ಢಂ ಎನ್ನುವಾಗ ಹೂ ಅರಳಿ ಆಗಿದೆ. ಕೆಳಗಿನಿಂದ ಸಣ್ಣ ಕಿಡಿ ಬಾಲ ಎಳೆದುಕೊಂಡು ಏರುವುದು ಕಾಣುತ್ತದಲ್ಲ, ಆಗ ಒತ್ತಿ. ಬಲ್ಬ್ ಮೋಡ್ (ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುವುದು) ಮತ್ತು ರಿಮೋಟ್ ಇದ್ದರೆ ಏರುವಾಗ ತೆರೆದು, ಹೂ ಬಾಡಿ ಕಿಡಿಗಳು ಕೆಳಗೆ ಬೀಳುವಾಗ ಮುಚ್ಚುವುದು ಎಲ್ಲಕ್ಕಿಂತ ಸುಖ.

ಇನ್ನೊಂದು: ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ (ಉದ್ದ ಶಟರ್‌ನಲ್ಲಿ ಬರುವ ಕಾಳುಕಾಳು ಚುಕ್ಕಿ, ಅಂದರೆ ನಾಯ್ಸ್, ಅಳಿಸುವ ಏರ್ಪಾಡು) ಎಂಬುದನ್ನು ಮೆನುವಿನಲ್ಲಿ ಹುಡುಕಿ ಬಂದ್ ಮಾಡಿ. ಅದು ಚಾಲೂ ಇದ್ದರೆ 4 ಸೆಕೆಂಡ್ ಚಿತ್ರ ತೆಗೆದು ಇನ್ನೊಂದು 4 ಸೆಕೆಂಡ್ ಸುಮ್ಮನೆ ಕೂರುತ್ತದೆ. ಪ್ರದರ್ಶನವೇ ಹದಿನೆಂಟು ನಿಮಿಷದ್ದು, ಅರ್ಧ ಹೊತ್ತು ಕ್ಯಾಮೆರಾದ ಧ್ಯಾನಕ್ಕೇ ಹೋಗುತ್ತದೆ.

ಬಾಣಬಿರುಸು ಸರಿ ಬರುತ್ತದೆ, ಆದರೆ ಕೋಟೆ ಪೂರ್ತಿ ಬೆಳ್ಳಗಾಗುತ್ತದೆ. ಏನು ಮಾಡುವುದು?

ಡಿಸ್ನಿ ವರ್ಲ್ಡ್‌ನಲ್ಲಿ ಕೋಟೆಯಿರುವ ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್, ಅದರ ನಿಜವಾದ ತಲೆನೋವು ಇದೇ. 'ಹ್ಯಾಪಿಲಿ ಎವರ್ ಆಫ್ಟರ್' ಪ್ರದರ್ಶನ ಶುರುವಾದದ್ದು 2017ರ ಮೇ ತಿಂಗಳಲ್ಲಿ, ನಡುವೆ ನಿಂತು ಹೋಗಿ 2023ರ ಏಪ್ರಿಲ್‌ನಲ್ಲಿ ಮತ್ತೆ ಬಂತು. ಅದರಲ್ಲಿ ಬಾಣಬಿರುಸಿನಷ್ಟೇ ಮುಖ್ಯವಾದದ್ದು ಸಿಂಡರೆಲ್ಲಾ ಕೋಟೆಯ ಗೋಡೆ ಮೇಲೆ ಪ್ರೊಜೆಕ್ಟರ್‌ನಿಂದ ಬಿಡುವ ಚಿತ್ರಗಳು. ಆ ಬೆಳಕು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಈಗ ಕಡುನೀಲಿ, ಮರುಕ್ಷಣ ಬೆಳ್ಳಂಬೆಳಕು. ಆಕಾಶಕ್ಕೆ 4 ಸೆಕೆಂಡ್ ಬೇಕು, ಕೋಟೆಗೆ ಅರ್ಧ ಸೆಕೆಂಡೇ ಹೆಚ್ಚು. ಮೇಲಾಗಿ 4 ಸೆಕೆಂಡಿನಲ್ಲಿ ಗೋಡೆಯ ಮೇಲಿನ ನಾಲ್ಕು ಚಿತ್ರಗಳು ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ.

ನಾನು ಮಾಡುವುದು ಹೀಗೆ. ಪ್ರೊಜೆಕ್ಟರ್ ಮಂದವಾಗಿ ಕೋಟೆ ನೀಲಿಯೋ ನೇರಳೆಯೋ ಆದಾಗ ಉದ್ದ ಶಟರ್. ಗೋಡೆ ಬೆಳಗಿದಾಗ ಎಫ್ 11ಕ್ಕೆ ಇಟ್ಟು ಶಟರನ್ನು 1 ಸೆಕೆಂಡಿಗೆ ಇಳಿಸುತ್ತೇನೆ. ಎಳೆಗಳು ಗಿಡ್ಡವಾದರೂ ಕೋಟೆ ಕೋಟೆಯಾಗಿ ಕಾಣುತ್ತದೆ. ಅಲ್ಲಿಗೂ ಹೋಗುವುದು ಕೋಟೆ ನೋಡಲಿಕ್ಕೇ ತಾನೆ?

ಮೂರನೆಯದು ಹಳೇ ಕಾಲದ ಫಿಲ್ಮ್‌ನವರ ಉಪಾಯ: ಕಪ್ಪು ರಟ್ಟು. ಶಟರ್ ತೆರೆದಿರುವಾಗ ಲೆನ್ಸಿನ ಮುಂದೆ ರಟ್ಟು ಅಡ್ಡ ಹಿಡಿಯುವುದು, ಹೂ ಅರಳುವಾಗ ಸರಿಸುವುದು, ಮತ್ತೆ ಅಡ್ಡ ಹಿಡಿಯುವುದು. ಚೌಕಟ್ಟಿನ ಕೆಳಭಾಗಕ್ಕೆ, ಎಂದರೆ ಕೋಟೆ ಇರುವ ಭಾಗಕ್ಕೆ ಮಾತ್ರ ರಟ್ಟು ಹಿಡಿದು ಅಲುಗಾಡಿಸುತ್ತಿದ್ದರೂ ಆಗುತ್ತದೆ. ನಾನು ಸೀರೆ ಡಬ್ಬದ ರಟ್ಟಿಗೆ ಕಪ್ಪು ಟೇಪ್ ಸುತ್ತಿ ಒಯ್ಯುತ್ತೇನೆ. ಪಕ್ಕದವರು ಇವನಿಗೆ ಸೆಖೆಯಾಗಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದಾನೆ ಎಂದುಕೊಳ್ಳುತ್ತಾರೆ, ಎಂದುಕೊಳ್ಳಲಿ.

ಫೋಕಸ್ ಸಿಗುವುದೇ ಇಲ್ಲ!

ಕತ್ತಲಲ್ಲಿ ಆಟೊಫೋಕಸ್ ಹುಡುಕುತ್ತಲೇ ಇರುತ್ತದೆ, ಅಷ್ಟರಲ್ಲಿ ಹೂ ಬಾಡುತ್ತದೆ. ಪ್ರದರ್ಶನಕ್ಕೆ ಮೊದಲೇ ಕೋಟೆಯ ದೀಪವಿರುವ ಕಿಟಕಿಯೊಂದರ ಮೇಲೆ ಫೋಕಸ್ ಮಾಡಿ, ಲೆನ್ಸನ್ನು ಮ್ಯಾನುವಲ್‌ಗೆ ತಳ್ಳಿ, ಫೋಕಸ್ ಬಳೆಗೆ ಒಂದು ತುಂಡು ಟೇಪ್ ಅಂಟಿಸಿಬಿಡಿ. ಆಮೇಲೆ ಜೂಮ್ ಬದಲಿಸಿದರೆ ಇನ್ನೊಮ್ಮೆ ನೋಡಿಕೊಳ್ಳಬೇಕು. ಟ್ರೈಪಾಡ್ ಮೇಲಿದ್ದರೆ ಸ್ಟೆಬಿಲೈಸೇಷನ್ (ಕೈನಡುಕ ಸರಿದೂಗಿಸುವ ಏರ್ಪಾಡು) ಬಂದ್ ಮಾಡಿ. ಕೆಂಪಗೆ ಬೆಳಗುವ ಫೋಕಸ್ ದೀಪವನ್ನೂ ಬಂದ್ ಮಾಡಿದರೆ ಮುಂದಿನವರು ಹರಸುತ್ತಾರೆ.

ಟ್ರೈಪಾಡ್ ಒಳಗೆ ಬಿಡುತ್ತಾರಾ?

ಚಿಕ್ಕದಾದರೆ ಬಿಡುತ್ತಾರೆ. ಸಾಧಾರಣ ಬ್ಯಾಕ್‌ಪ್ಯಾಕ್‌ನೊಳಗೆ ಹಿಡಿಸದ ಅಥವಾ ಬಿಚ್ಚಿದಾಗ 6 ಅಡಿ ಮೀರುವ ಟ್ರೈಪಾಡ್ ಆಗುವುದಿಲ್ಲ. ಸೆಲ್ಫಿ ಸ್ಟಿಕ್ ಅಂತೂ 2015ರಿಂದ ನಿಷಿದ್ಧ. ಪ್ರವಾಸಕ್ಕಾಗಿಯೇ ಮಾಡಿದ ಮಡಚುವ ಟ್ರೈಪಾಡ್ ಸಾಕು.

ಆದರೆ ಬಿಟ್ಟರೆಂದು ಗುಂಪಿನ ನಡುವೆ ಮೂರು ಕಾಲು ಅಗಲಿಸಿ ನಿಲ್ಲಿಸಬೇಡಿ. ಕತ್ತಲಲ್ಲಿ ಮಕ್ಕಳು ಓಡಾಡುತ್ತಿರುತ್ತಾರೆ, ಸ್ಟ್ರೋಲರ್‌ಗಳು ನುಗ್ಗುತ್ತಿರುತ್ತವೆ. ಕಂಬಿ ಪಕ್ಕ, ಗೋಡೆಯ ಅಂಚು, ಹೂಕುಂಡದ ಕಟ್ಟೆ ಹುಡುಕಿ. ಕಾಲು ಬಳುಕುವ ಪುಟ್ಟ ಟ್ರೈಪಾಡನ್ನು ಕಂಬಿಗೆ ಸುತ್ತಿದರೂ ಆಯಿತು. ಇನ್ನೂ ಸುಲಭದ್ದು ಕಸದ ಡಬ್ಬಿ. ಡಿಸ್ನಿಯಲ್ಲಿ ಅದಕ್ಕೆ ಬರವೇ ಇಲ್ಲ. ಮೇಲೆ ಕರ್ಚೀಫ್ ಹಾಸಿ, ಕ್ಯಾಮೆರಾ ಇಟ್ಟು, ಲೆನ್ಸ್ ಕೆಳಗೆ ಪರ್ಸ್ ತುರುಕಿ ಕೋನ ಹೊಂದಿಸಿ, 2 ಸೆಕೆಂಡಿನ ಟೈಮರ್ ಹಾಕಿ. ನನ್ನ ಹತ್ತಿರ ಇರುವ ಕೋಟೆಯ ಚಿತ್ರಗಳಲ್ಲಿ ಅತಿ ಚೊಕ್ಕವಾದದ್ದು ಹಾಗೆ ತೆಗೆದದ್ದೇ.

ಏನೂ ಇಲ್ಲದೆ ಕೈಯಲ್ಲೇ ಹಿಡಿದು ತೆಗೆಯಬೇಕಾದರೆ ಐಎಸ್‌ಒ 1600, ಎಫ್ 4, ಶಟರ್ 1/30. ಉದ್ದ ಎಳೆ ಸಿಗುವುದಿಲ್ಲ, ಚುಕ್ಕಿಚುಕ್ಕಿಯಾದ ಹೂ ಸಿಗುತ್ತದೆ. ಪ್ರೊಜೆಕ್ಟರ್ ಚಿತ್ರಗಳಿಗೆ ನಿಜಕ್ಕೂ ಇದೇ ಒಳ್ಳೆಯದು.

ಎಲ್ಲಿ ನಿಲ್ಲಬೇಕು?

ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಬಾಣಬಿರುಸನ್ನು ಹಾರಿಸುವುದು ಕೋಟೆಯ ಹಿಂದಿನಿಂದ. ಆದ್ದರಿಂದ ಬಾಗಿಲಿನಿಂದ ಕೋಟೆಯ ಕಡೆ ಹೋಗುವ ಬೀದಿ, ಮೇನ್ ಸ್ಟ್ರೀಟ್‌ನ ನೇರಕ್ಕೆ ನಿಂತರೆ ಮಾತ್ರ ಕೋಟೆಯ ಮೇಲೆ ಸರಿಯಾಗಿ ಅರಳುತ್ತದೆ. ಪಕ್ಕದ ಟುಮಾರೋಲ್ಯಾಂಡ್ ಸೇತುವೆಯಂಥ ಕಡೆಯಿಂದ ನೋಡಿದರೆ ಕೋಟೆ ಒಂದು ಕಡೆ, ಹೂ ಇನ್ನೊಂದು ಕಡೆ. ಜನ ಕಡಿಮೆ ಎಂಬ ಲಾಭ ಇದೆ.

ತೀರಾ ಮುಂದೆ ಹೋಗಿ ನಿಲ್ಲುವ ಆಸೆ ಬೇಡ. ಕೋಟೆ 189 ಅಡಿ ಎತ್ತರ. (200 ಅಡಿ ಮುಟ್ಟಿದರೆ ವಿಮಾನಗಳಿಗಾಗಿ ತುದಿಯಲ್ಲಿ ಮಿನುಗುವ ದೀಪ ಹಾಕಬೇಕಿತ್ತು, ಅದಕ್ಕೇ ಅಲ್ಲಿಗೆ ನಿಲ್ಲಿಸಿದರು ಎನ್ನುತ್ತಾರೆ. ಫೋಟೊ ತೆಗೆಯುವವರ ಪುಣ್ಯ.) ಬುಡದಲ್ಲಿ ನಿಂತರೆ ಕೋಟೆಯ ಮೇಲೆ ಆಕಾಶಕ್ಕೆ ಜಾಗವೇ ಉಳಿಯುವುದಿಲ್ಲ, ಕ್ಯಾಮೆರಾ ಮೇಲೆತ್ತಿದರೆ ಗೋಪುರಗಳು ಹಿಂದಕ್ಕೆ ಬಿದ್ದಂತೆ ಕಾಣುತ್ತವೆ. ಮೇನ್ ಸ್ಟ್ರೀಟ್‌ನ ಅರ್ಧದಲ್ಲಿ ನಿಂತರೆ ಕ್ಯಾಮೆರಾ ಜೊತೆಗೇ ಬರುವ 18-55 ಲೆನ್ಸ್ ಸಾಕು. ಎರಡೂ ಬದಿಯ ಅಂಗಡಿಗಳ ದೀಪದ ಸಾಲು ಕಣ್ಣನ್ನು ಕೋಟೆಗೆ ಎಳೆದೊಯ್ಯುತ್ತದೆ. ಎಫ್ 8ರಲ್ಲಿ ದುಬಾರಿ ಲೆನ್ಸಿಗೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣುವುದಿಲ್ಲ. ಇದಕ್ಕಾಗಿ ಹೊಸ ಲೆನ್ಸ್ ಕೊಳ್ಳುವ ದುಡ್ಡಿಗೆ ಇನ್ನೊಂದು ದಿನದ ಟಿಕೆಟ್ ತೆಗೆದುಕೊಳ್ಳಿ.

ಪಾರ್ಕ್‌ನೊಳಗಿನ ಗದ್ದಲವೇ ಬೇಡ ಎನ್ನುವವರಿಗೆ ಪಾರ್ಕ್‌ನ ಮುಂದಿನ ಕೆರೆ, ಸೆವೆನ್ ಸೀಸ್ ಲಗೂನ್‌ನ ಆಚೆ ದಡದ ಪಾಲಿನೇಷಿಯನ್ ವಿಲೇಜ್ ರೆಸಾರ್ಟ್‌ನ ಮರಳ ದಂಡೆ. ಕೋಟೆ ಪುಟ್ಟದಾಗಿ ಕಾಣುತ್ತದೆ, ದೂರದ್ದನ್ನು ಹತ್ತಿರ ಎಳೆಯುವ 70-200ರಂಥ ಲೆನ್ಸ್ ಬೇಕು, ಆದರೆ ನೀರಿನಲ್ಲಿ ಇನ್ನೊಂದು ಬಾಣಬಿರುಸು ಪುಕ್ಕಟೆ. 1971ರಲ್ಲಿ ಪಾರ್ಕ್ ಶುರುವಾದ ತಿಂಗಳಿಂದ ಬಂದ ದೀಪದ ತೆಪ್ಪಗಳ ಮೆರವಣಿಗೆ, ಎಲೆಕ್ಟ್ರಿಕಲ್ ವಾಟರ್ ಪೇಜೆಂಟ್, ಇದೇ ನೀರಿನ ಮೇಲೆ ಹೋಗುವಂಥದ್ದು. ವಯಸ್ಸಾದವರಿಗೆ ಕೂರಲು ಜಾಗ ಸಿಗುವ ದಂಡೆ ಇದು, ನಮ್ಮ ಮಾವನಿಗೆ ಇಡೀ ಡಿಸ್ನಿಯಲ್ಲಿ ಹಿಡಿಸಿದ ಜಾಗ ಇದೊಂದೇ.

ಹೊಗೆಯ ಕಾಟ ತಪ್ಪಿಸಿಕೊಳ್ಳುವುದು ಹೇಗೆ?

ಗಾಳಿ ನಿಮ್ಮ ಬೆನ್ನಿಗಿರಬೇಕು. ಎದುರಿನಿಂದ ಬೀಸಿದರೆ ಐದು ನಿಮಿಷದಲ್ಲಿ ಒಲೆಯ ಮುಂದೆ ಕೂತಂತೆ. ಡಿಸ್ನಿ ವರ್ಲ್ಡ್‌ನ ಇನ್ನೊಂದು ಪಾರ್ಕ್ ಎಪ್ಕಾಟ್‌ನಲ್ಲಿ ಇದು ಬಹಳ ಮುಖ್ಯ. 2023ರ ಡಿಸೆಂಬರ್‌ನಲ್ಲಿ ಶುರುವಾದ 'ಲ್ಯೂಮಿನಸ್' ಪ್ರದರ್ಶನ ನಡೆಯುವುದು ಕೆರೆಯ ನಡುವೆ. ಸುತ್ತ ಎಲ್ಲಿ ಬೇಕಾದರೂ ನಿಲ್ಲಬಹುದು, ಎಂದರೆ ತಪ್ಪು ಬದಿಯಲ್ಲಿ ನಿಲ್ಲುವುದಕ್ಕೂ ಅಷ್ಟೇ ಅವಕಾಶ. ಬಾವುಟ ಎತ್ತ ಹಾರುತ್ತಿದೆ ನೋಡಿ ಜಾಗ ಹಿಡಿಯಿರಿ.

ಎಲ್ಲಿದ್ದರೂ ಮೊದಲ ಎರಡು ಮೂರು ನಿಮಿಷ ಆಕಾಶ ತೊಳೆದಿಟ್ಟಂತಿರುತ್ತದೆ. ಕೊನೆಯ ಅಬ್ಬರಕ್ಕೆ ಕಾಯುತ್ತಾ ಕೂರಬೇಡಿ, ಆಗ ಹೊಗೆಯೂ ಅಬ್ಬರವಾಗಿರುತ್ತದೆ, ಬೆಳಕೂ ವಿಪರೀತ. ಕೊನೆಗೆ ಅಪರ್ಚರ್ ಇನ್ನೊಂದು ಹೆಜ್ಜೆ ಕಿರಿದು ಮಾಡಿ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 2004ರಿಂದ ಮದ್ದಿನ ಬದಲು ಒತ್ತಡದ ಗಾಳಿಯಿಂದ ಮೇಲಕ್ಕೆ ಹಾರಿಸುವ ಏರ್ಪಾಡು ಬಂತು, ಅದರಿಂದ ನೆಲಮಟ್ಟದ ಹೊಗೆ ಕಡಿಮೆ.

ಫೋನ್ ಮಾತ್ರ ಇದೆ. ಆಗುತ್ತದಾ?

ಆಗುತ್ತದೆ, ಆದರೆ ಅದರ ಮಿತಿ ತಿಳಿದಿರಲಿ. ಬಹುತೇಕ ಫೋನುಗಳ ಅಪರ್ಚರ್ ಬದಲಾಗುವುದಿಲ್ಲ, ಸದಾ ಬಾಯಿ ತೆರೆದಿರುತ್ತದೆ. ಮೇಲೆ ಹೇಳಿದ ರಂಗೋಲಿ ಲೆಕ್ಕದಲ್ಲಿ ಫೋನಿನದು ಯಾವಾಗಲೂ ದಪ್ಪ ಎಳೆ. ಅದನ್ನು ಹಿಡಿತಕ್ಕೆ ತರಬೇಕು.

ಪರದೆಯ ಮೇಲೆ ಕೋಟೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ, ಫೋಕಸ್ ಮತ್ತು ಬೆಳಕು ಬೀಗ ಬೀಳುತ್ತವೆ. ಪಕ್ಕದ ಸೂರ್ಯನ ಚಿಹ್ನೆಯನ್ನು ಕೆಳಕ್ಕೆಳೆಯಿರಿ, ಆಕಾಶ ಕಪ್ಪಾಗುವವರೆಗೆ. ಬಾಣಬಿರುಸಿಗೆ ನೈಟ್ ಮೋಡ್ ಬೇಡ, ಅದು ಕತ್ತಲನ್ನು ಬೆಳಗಿಸಲೆಂದೇ ಹುಟ್ಟಿದ್ದು. ಐಫೋನ್‌ನಲ್ಲಿ ಲೈವ್ ಫೋಟೊ ಚಾಲೂ ಮಾಡಿ, ಕೈಯನ್ನು ಕಂಬಿಗೆ ಒರಗಿಸಿ ತೆಗೆಯಿರಿ. ಆಮೇಲೆ ಆ ಫೋಟೊ ತೆರೆದು ಲೈವ್ ಎಂಬಲ್ಲಿ ಲಾಂಗ್ ಎಕ್ಸ್‌ಪೋಷರ್ ಆರಿಸಿದರೆ ಚುಕ್ಕಿಗಳು ಎಳೆಗಳಾಗುತ್ತವೆ. ಆಂಡ್ರಾಯ್ಡ್‌ನಲ್ಲಿ ಪ್ರೊ ಮೋಡ್ ಇದ್ದರೆ ಐಎಸ್‌ಒ 50, ಶಟರ್ ಅರ್ಧ ಸೆಕೆಂಡಿನಿಂದ ಶುರುಮಾಡಿ. ಜೂಮ್ ಮಾಡಬೇಡಿ. ಮೊದಲು ಲೆನ್ಸ್ ಒರೆಸಿ! ಪಾಪ್‌ಕಾರ್ನ್ ತಿಂದ ಬೆರಳಿನ ಜಿಡ್ಡೇ ಎಷ್ಟೋ ಫೋಟೊಗಳ 'ಮಂಜು'.

ವಿಡಿಯೊ ಬೇಕೆಂದರೆ ಮನೆಯಲ್ಲಿ ಒಬ್ಬರಿಗೆ ಆ ಕೆಲಸ ವಹಿಸಿ. ಎಂಟು ಜನ ಹೋಗಿ ಎಂಟೂ ಜನ ಅದೇ ವಿಡಿಯೊ ತೆಗೆಯುವುದು ಯಾಕೆ?

ಬಾಣಬಿರುಸಿನ ಮುಂದೆ ಮನೆಯವರನ್ನು ನಿಲ್ಲಿಸಿ ತೆಗೆಯಬೇಕು. ಮುಖ ಕಪ್ಪಾಗುತ್ತದಲ್ಲ?

ಇಲ್ಲಿ ಮಾತ್ರ ಸ್ವಲ್ಪ ಬೆಳಕು ಬೇಕು. ಕ್ಯಾಮೆರಾದ ಫ್ಲ್ಯಾಶ್ ನೇರವಾಗಿ ಹೊಡೆದರೆ ಅಮ್ಮನ ರೇಷ್ಮೆ ಸೀರೆಯ ಜರಿ ಮಿಂಚುತ್ತದೆ, ಅಮ್ಮ ಮಾಯ. ಅಂಗಡಿಯ ಕಿಟಕಿಯ ಬೆಳಕು ಮುಖದ ಮೇಲೆ ಓರೆಯಾಗಿ ಬೀಳುವಂತೆ ನಿಲ್ಲಿಸಿ. ಅದೂ ಇಲ್ಲದಿದ್ದರೆ ಇನ್ನೊಬ್ಬರ ಫೋನಿನ ಟಾರ್ಚಿಗೆ ಬಿಳಿ ಕರ್ಚೀಫ್ ಎರಡು ಮಡಿಕೆ ಹಾಕಿ, ಪಕ್ಕದಿಂದ ಒಂದು ಕ್ಷಣ ಹಿಡಿಸಿ. ಶಟರ್ 1/4 ಸೆಕೆಂಡ್, "ಅಲುಗಾಡಬೇಡಿ, ಉಸಿರು ಬಿಗಿ ಹಿಡೀರಿ" ಎಂದು ಹೇಳಿ ಒತ್ತುವುದು. ಪ್ರದರ್ಶನದ ನಡುವೆ ಈ ಸರ್ಕಸ್ ಮಾಡಿದರೆ ಹಿಂದಿನವರು ಬೈಯುತ್ತಾರೆ, ಮುಂಚೆಯೇ ಕೋಟೆಯ ದೀಪದ ಮುಂದೆ ಮುಗಿಸಿಕೊಳ್ಳುವುದು ವಾಸಿ. ಪಾರ್ಕ್‌ನ ಫೋಟೊಪಾಸ್ ಛಾಯಾಗ್ರಾಹಕರನ್ನು ಕೇಳಿಕೊಂಡರೆ ನಿಮ್ಮ ಫೋನಿನಲ್ಲೂ ಒಂದು ತೆಗೆದುಕೊಡುತ್ತಾರೆ.

ಹೋಟೆಲಿಂದ ಹೊರಬಂದ ಕೂಡಲೇ ಲೆನ್ಸ್ ಮಂಜಾಯಿತು!

ಫ್ಲೋರಿಡಾ ಎಂದರೆ ಮಂಗಳೂರಿನ ಮೇ ತಿಂಗಳು. ಏಸಿಯಲ್ಲಿ ತಣ್ಣಗಾದ ಗಾಜು ಹೊರಗಿನ ತೇವದ ಗಾಳಿಗೆ ಬಂದರೆ, ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿ ಬೆವರುತ್ತದಲ್ಲ, ಅದೇ ಕಥೆ. ನನ್ನ ಮೊದಲ ಸಲ, ಪ್ರದರ್ಶನಕ್ಕೆ ಹತ್ತು ನಿಮಿಷ ಇರುವಾಗ ಏಸಿ ಅಂಗಡಿಯಿಂದ ಓಡಿ ಬಂದು ಕ್ಯಾಮೆರಾ ತೆಗೆದೆ. ಗಾಜಿನ ಮೇಲೆ ಹಾಲಿನ ಕೆನೆ. ಅತ್ತೆ ಪಾಪ ಹತ್ತಿ ಸೀರೆಯ ಸೆರಗು ಕೊಟ್ಟರು. ಒರೆಸಿದೆ, ಮೂರೆಣಿಸುವಷ್ಟರಲ್ಲಿ ಮತ್ತೆ ಕೆನೆ. ಮತ್ತೆ ಒರೆಸಿದೆ. ಗಾಜು ಬೆಚ್ಚಗಾಗುವವರೆಗೆ ಎಷ್ಟು ಒರೆಸಿದರೂ ಅಷ್ಟೆ. ಅರ್ಧ ಪ್ರದರ್ಶನ ಒರೆಸುವುದರಲ್ಲೇ ಹೋಯಿತು.

ಈಗ ರೂಮಿನಲ್ಲೇ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ತರುತ್ತೇನೆ. ತೇವ ಚೀಲದ ಹೊರಗೆ ಕೂರುತ್ತದೆ. ಹೊರಗೆ ಅರ್ಧ ಗಂಟೆ ಬಿಟ್ಟು ತೆರೆದರೆ ಸರಿ.

ಮಳೆ ಬಂದರೆ?

ಬೇಸಿಗೆಯಲ್ಲಿ ಮಧ್ಯಾಹ್ನದ ಗುಡುಗು ಮಳೆ ಅಲ್ಲಿ ಮಾಮೂಲು. ನಿಂತ ಮೇಲೆ ಓಡಿಹೋಗಬೇಡಿ. ಒದ್ದೆ ನೆಲದಲ್ಲಿ ಮೇನ್ ಸ್ಟ್ರೀಟ್‌ನ ದೀಪಗಳೆಲ್ಲ ತಲೆಕೆಳಗಾಗಿ ನಿಂತಿರುತ್ತವೆ. ಫೋನನ್ನು ತಿರುಗಿಸಿ ಲೆನ್ಸ್ ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದರೆ ಅಂಗೈ ಅಗಲದ ಕೊಚ್ಚೆಯೂ ಕೆರೆಯಾಗುತ್ತದೆ.

ಬಾಣಬಿರುಸು ಬಿಟ್ಟರೆ ರಾತ್ರಿ ಇನ್ನೇನು ತೆಗೆಯಬಹುದು?

ನನ್ನನ್ನು ಕೇಳಿದರೆ ಉಳಿದದ್ದೇ ಹೆಚ್ಚು ಚೆಂದ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷಕ್ಕೆ ಆಕಾಶ ಗಾಢ ನೀಲಿಯಾಗುತ್ತದೆ, ದೀಪ ಹೊತ್ತಿರುತ್ತದೆ. ಆಕಾಶ ಮತ್ತು ದೀಪ ಎರಡೂ ಒಂದೇ ಹದದಲ್ಲಿರುವುದು ಆಗ ಮಾತ್ರ. ಜೂನ್‌ನಲ್ಲಿ ಅಲ್ಲಿ ಸೂರ್ಯಾಸ್ತ ರಾತ್ರಿ 8.25ರ ಸುಮಾರಿಗೆ, ಡಿಸೆಂಬರ್‌ನಲ್ಲಿ ಸಂಜೆ 5.30ಕ್ಕೇ. ಊಟದ ಹೊತ್ತು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.

ಕೋಟೆಯ ಹಿಂದಿರುವ ಕುದುರೆಗಳ ತಿರುಗುಬಂಡಿ 1917ರಲ್ಲಿ ಮಾಡಿದ್ದು, ಪಾರ್ಕ್‌ಗಿಂತ ಅರ್ಧ ಶತಮಾನ ಹಳೆಯದು. ಅರ್ಧ ಸೆಕೆಂಡ್ ಶಟರ್ ಇಟ್ಟರೆ ಕುದುರೆಗಳು ಚಿನ್ನದ ಪಟ್ಟಿಯಾಗಿ ಹರಿಯುತ್ತವೆ, ಛಾವಣಿಯ ಬಲ್ಬುಗಳು ದಾರವಾಗುತ್ತವೆ. ಮುಂದೆ ಯಾರಾದರೂ ಅಲುಗಾಡದೆ ನಿಂತರೆ ಇನ್ನೂ ಚೆಂದ. ಎಪ್ಕಾಟ್‌ನ 180 ಅಡಿ ಎತ್ತರದ ಗೋಳದ ಬಳಿ 10-15 ಸೆಕೆಂಡ್ ಶಟರ್ ತೆರೆದು ಮೋನೊರೈಲ್ ಬರುವುದನ್ನು ಕಾಯಿರಿ, ಬಂಡಿ ಮಾಯವಾಗಿ ಬೆಳಕಿನ ಗೆರೆ ಉಳಿಯುತ್ತದೆ.

ಮೆರವಣಿಗೆಗೆ ಲೆಕ್ಕ ಬೇರೆ. ಕುಣಿಯುವವರು ನಿಲ್ಲುವುದಿಲ್ಲ. ಐಎಸ್‌ಒ 3200, ಅಪರ್ಚರ್ ಆದಷ್ಟು ಅಗಲ, ಶಟರ್ 1/125. ಸ್ವಲ್ಪ ನಾಯ್ಸ್ ಬಂದರೆ ಬರಲಿ. ಪ್ರಾಣಿಗಳಿರುವ ಪಾರ್ಕ್ ಅನಿಮಲ್ ಕಿಂಗ್‌ಡಮ್‌ನಲ್ಲಿ ಬಾಣಬಿರುಸು ಹುಡುಕಬೇಡಿ, ಪ್ರಾಣಿಗಳು ಬೆದರುತ್ತವೆಂದು ಅಲ್ಲಿ ಹಾರಿಸುವುದೇ ಇಲ್ಲ.

ಡ್ರೋನ್?

ಬೇಡವೇ ಬೇಡ. ಪಾರ್ಕ್‌ನ ನಿಯಮ ಹಾಗಿರಲಿ, 2003ರಿಂದ ಅದರ ಮೇಲಿನ ಆಕಾಶವೇ ಸರ್ಕಾರ ಹಾರಾಟ ನಿರ್ಬಂಧಿಸಿದ ಜಾಗ.

ಹೊರಡುವ ಮೊದಲು ಊರಲ್ಲೇ ಅಭ್ಯಾಸ ಮಾಡಬಹುದೇ?

ಮಾಡಲೇಬೇಕು. ಭಾನುವಾರ ಸಂಜೆ ಮೈಸೂರು ಅರಮನೆಯ ಮುಂದೆ ನಿಂತುಕೊಳ್ಳಿ. ಒಂದು ಲಕ್ಷಕ್ಕೆ ಹತ್ತಿರದಷ್ಟು ಬಲ್ಬುಗಳು ಒಮ್ಮೆಗೇ ಹೊತ್ತಿದಾಗ ಆಟೊ ಮೋಡ್ ಏನು ಅವಾಂತರ ಮಾಡುತ್ತದೆ, ಬೆಳಕನ್ನು ಎಷ್ಟು ಇಳಿಸಿದರೆ ಒಂದೊಂದು ಬಲ್ಬೂ ಬಿಡಿಯಾಗಿ ಕಾಣುತ್ತದೆ ಎಂದು ಅಲ್ಲೇ ಗೊತ್ತಾಗುತ್ತದೆ. ಮೈಸೂರು ದೂರವಾದರೆ ತಾರಸಿ ಮೇಲೆ ಒಂದು ಸುರುಸುರುಬತ್ತಿ. ಮಗುವಿನ ಕೈಗೆ ಕೊಟ್ಟು ವೃತ್ತ ಬರೆಯಿಸಿ, ಎಫ್ 8ರಲ್ಲೂ ಎಫ್ 16ರಲ್ಲೂ 3 ಸೆಕೆಂಡ್ ತೆಗೆದು ಎಳೆಯ ಬಣ್ಣ ಹೋಲಿಸಿ. ಕತ್ತಲಲ್ಲಿ ಬಟನ್‌ಗಳು ಬೆರಳಿಗೆ ರೂಢಿಯಾಗುವುದು ಇನ್ನೂ ದೊಡ್ಡ ಲಾಭ.

ವಿಮಾನ ಇಳಿದ ಕೂಡಲೇ ಕ್ಯಾಮೆರಾದ ಗಡಿಯಾರ ಬದಲಿಸಿ. ಮರೆತರೆ ಫೋನಿನ ಫೋಟೊಗಳಿಗೂ ಕ್ಯಾಮೆರಾದವಕ್ಕೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ವ್ಯತ್ಯಾಸ ಬಂದು, ರಾತ್ರಿಯ ಬಾಣಬಿರುಸು ಮರುದಿನದ ತಿಂಡಿ ಪಕ್ಕ ಕೂರುತ್ತದೆ. ಹೆಚ್ಚುವರಿ ಬ್ಯಾಟರಿಗಳು ಕೈಚೀಲದಲ್ಲೇ ಇರಲಿ, ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ.

ಮುಗಿದ ಮೇಲೆ ಆ ನೂಕುನುಗ್ಗಲಲ್ಲಿ ಹೊರಗೆ ಬರುವುದು ಹೇಗೆ?

ಬರಬೇಡಿ. ಕೊನೆಯ ಬಾಣ ಸಿಡಿದ ಕ್ಷಣ ಎಲ್ಲರೂ ಬಾಗಿಲಿಗೆ ನುಗ್ಗುತ್ತಾರೆ. ನೀವು ಕಟ್ಟೆಯ ಮೇಲೆ ಕೂತು ಚಕ್ಕುಲಿ ತೆಗೆಯಿರಿ, ಹೊರಗಿನ ತಿಂಡಿ ಒಳಗೆ ತರಲು ಅಲ್ಲಿ ಅಡ್ಡಿಯಿಲ್ಲ. ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಬಸ್ಸು, ಮೋನೊರೈಲ್ ಓಡುತ್ತವೆ, ಮೇನ್ ಸ್ಟ್ರೀಟ್ ದೀಪಗಳೂ ಉರಿಯುತ್ತಿರುತ್ತವೆ. ಅರ್ಧ ಗಂಟೆಗೆ ಬೀದಿ ಖಾಲಿ. ಹೊಗೆ ಚದುರಿರುತ್ತದೆ. ಹಗಲಿಡೀ ಜನರ ತಲೆಗಳ ಹಿಂದೆ ಅಡಗಿದ್ದ ಕೋಟೆ ಬುಡದಿಂದ ತುದಿಯವರೆಗೆ ಕಾಣುತ್ತದೆ. ಕಸದ ಡಬ್ಬಿ ಹುಡುಕಿ, ಕರ್ಚೀಫ್ ಹಾಸಿ, ಐಎಸ್‌ಒ 100, ಎಫ್ 8, 4 ಸೆಕೆಂಡ್.